ಆ ಕಚೇರಿಗೆ ಎಷ್ಟು ಮೆಟ್ಟಿಲು?

ಕೇಳುಗರೆ, ನಮಸ್ಕಾರ.

ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಇದ್ದಾರೆ. ಅವರ ಮಗನಿಗೆ ಒಂಬತ್ತು ವರ್ಷ, ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ನಡೆಯಲು ಆಗುವುದಿಲ್ಲ. ಮಾಸಾಶನಕ್ಕೆ ಅರ್ಜಿ ಹಾಕಬೇಕು ಅಂತ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿದರು. ಮೊದಲು ಹೋದ ಕಡೆ, "ಇಲ್ಲಲ್ಲಮ್ಮ, ನಾಡಕಚೇರಿಗೆ ಹೋಗಿ" ಅಂದರು. ಅಲ್ಲಿಗೆ ಹೋದರೆ, "ಯುಡಿಐಡಿ ಕಾರ್ಡ್ ಎಲ್ಲಿ?" ಅಂತ ಕೇಳಿದರು. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಅದು. ಕಾರ್ಡಿಗೆ ಅಂತ ಆಸ್ಪತ್ರೆಗೆ ಹೋದರೆ, ತಪಾಸಣೆ ಮಾಡುವ ಡಾಕ್ಟರು ಬರುವುದು ಬುಧವಾರ ಮಾತ್ರ. ಅವತ್ತು ಶುಕ್ರವಾರ.

ಮೂರನೇ ಸಲ ಅವರ ಜೊತೆ ನಾನೂ ಹೋದೆ. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಆಧಾರ್, ರೇಷನ್ ಕಾರ್ಡು, ಫೋಟೊ, ಎಲ್ಲದರದ್ದೂ ನಾಲ್ಕು ನಾಲ್ಕು ಜೆರಾಕ್ಸು. ಒಂದು ಜೆರಾಕ್ಸಿನ ಹಿಂದೆ ಪೆನ್ನಲ್ಲಿ ಬರೆದುಕೊಂಡಿದ್ದರು: "ಬುಧವಾರ. ರೂಮು 14. ಮಹಡಿ. ಲಿಫ್ಟ್ ಇಲ್ಲ." ಮೂರು ದಿನದ ಕೂಲಿ ಕಳೆದುಕೊಂಡು ಅವರು ಸಂಪಾದಿಸಿದ್ದು ಈ ಒಂದು ಸಾಲು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಸಾಕಿತ್ತು, ಅಲ್ವಾ?

ನಾನು ಇವತ್ತು ಕೇಳುತ್ತಿರುವುದು ಅದನ್ನೇ. ಪ್ರತಿ ತಾಲ್ಲೂಕಿಗೂ ಸರ್ಕಾರವೇ ಒಂದು ಕೈಪಿಡಿ ಮಾಡಬೇಕು. ವಿಕಲಚೇತನರಿಗೆ ಯಾವ ಸೌಲಭ್ಯ, ಎಲ್ಲಿ, ಯಾವ ದಿನ, ಯಾವ ಕಾಗದ, ಎಷ್ಟು ಮೆಟ್ಟಿಲು, ಎಲ್ಲ ಅದರಲ್ಲಿ ಇರಬೇಕು.

ಸೌಲಭ್ಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಆದರೆ ಹತ್ತು ಬಾಗಿಲಲ್ಲಿ ಹಂಚಿಹೋಗಿದೆ. ಮಾಸಾಶನ ಕಂದಾಯ ಇಲಾಖೆಯದು. ಪ್ರಮಾಣಪತ್ರ ಆಸ್ಪತ್ರೆಯದು. ಬಸ್ ಪಾಸು ಸಾರಿಗೆಯವರದು. ತ್ರಿಚಕ್ರ ವಾಹನಕ್ಕೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿ. ಮಗು ಮಾತಾಡುತ್ತಿಲ್ಲ, ಕಿವಿ ಕೇಳಿಸುತ್ತಿಲ್ಲ ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ. ಬೌದ್ಧಿಕ ಅಸಾಮರ್ಥ್ಯ ಇರುವ ಮಗನಿಗೆ 18 ತುಂಬಿದ ಮೇಲೆ ಕಾನೂನು ಪ್ರಕಾರ ಪಾಲಕರನ್ನು ನೇಮಿಸಬೇಕಾದರೆ, 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲೆಯಲ್ಲಿರುವ ಸ್ಥಳೀಯ ಮಟ್ಟದ ಸಮಿತಿ. ಇದು ಇದೆ ಅಂತಲೇ ಎಷ್ಟೋ ತಂದೆ ತಾಯಿಗೆ ಗೊತ್ತಿಲ್ಲ. ತಾವು ಹೋದ ಮೇಲೆ ಮಗನ ಗತಿ ಏನು ಅಂತ ರಾತ್ರಿಯೆಲ್ಲ ಯೋಚಿಸುತ್ತಾ ಇರುತ್ತಾರೆ.

ಇನ್ನೊಂದು ವಿಷಯ. ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ಅಂಗವೈಕಲ್ಯ. ಅದರ ಜಾಗಕ್ಕೆ ಬಂದ 2016ರ ಕಾಯ್ದೆಯಲ್ಲಿ 21 ಆಯಿತು. ಹಿಮೋಫಿಲಿಯ, ತಲಸ್ಸೇಮಿಯದಂಥ ರಕ್ತದ ಕಾಯಿಲೆ ಇರುವವರು, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಇರುವವರು, ಆಸಿಡ್ ದಾಳಿಗೆ ಸಿಕ್ಕವರು, ಎಲ್ಲರೂ ಸೇರಿದರು. ಚಾಮರಾಜನಗರದ ಕಡೆಯ ಆದಿವಾಸಿ ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯೂ ಪಟ್ಟಿಯಲ್ಲಿದೆ. ಆದರೆ ಹಾಡಿಯಲ್ಲಿ ಕೂತು ಮೈಕೈ ನೋವು ಸಹಿಸುವ ಹುಡುಗಿಗೆ ತನಗೂ ಕಾರ್ಡ್ ಸಿಗಬಹುದು ಅಂತ ಯಾರು ಹೇಳಬೇಕು?

ಈ ಕೈಪಿಡಿ ಮಾಡೋದು ಯಾರು ಅಂತ ಕೇಳಬಹುದು. ಮಾಡುವವರು ಆಗಲೇ ಇದ್ದಾರೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರಲ್ಲಿ ಬಹಳಷ್ಟು ಜನ ಸ್ವತಃ ವಿಕಲಚೇತನರು. ಯಾವ ಕೌಂಟರ್ ಮುಂದೆ ಗಾಲಿಕುರ್ಚಿ ತಿರುಗುವುದಿಲ್ಲ, ಯಾವ ಶೌಚಾಲಯಕ್ಕೆ ಸದಾ ಬೀಗ, ಇದೆಲ್ಲ ಅವರಿಗೆ ಬಾಯಿಪಾಠ. ಅವರಿಗೆ ಗೊತ್ತಿರುವುದನ್ನು ಕೂತು ಬರೆಸಿಕೊಳ್ಳಬೇಕು. ಈ ಕೆಲಸಕ್ಕೆ ಬೇರೆ ಸಂಭಾವನೆಯನ್ನೂ ಕೊಡಬೇಕು. ಸುಮ್ನೆ ಹೊರೆ ಹೊರಿಸಬಾರದು.

ಪುಸ್ತಕ ಅಚ್ಚು ಹಾಕಿ ಬೀರುವಿನಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಕಣ್ಣು ಕಾಣದವರಿಗೆ ಬ್ರೈಲ್‌ನಲ್ಲಿ ಬೇಕು, ಫೋನಿನಲ್ಲಿ ಕೇಳುವ ಹಾಗೆ ಬೇಕು. ಕಿವುಡರಿಗೆ ಸನ್ನೆ ಭಾಷೆಯ ವಿಡಿಯೊ ಬೇಕು. ಓದಲು ಕಷ್ಟಪಡುವವರಿಗೆ ಚಿತ್ರ ಹಾಕಿ ಸರಳ ಮಾತಿನಲ್ಲಿ ಹೇಳಬೇಕು. ಆರು ತಿಂಗಳಿಗೊಮ್ಮೆ ಪ್ರತಿ ನಂಬರಿಗೂ ಯಾರಾದರೂ ಫೋನ್ ಮಾಡಿ ನೋಡಲೇಬೇಕು. ಅಧಿಕಾರಿಗೆ ವರ್ಗಾವಣೆ ಆಗುತ್ತದೆ, ಕಚೇರಿ ಬೇರೆ ಕಟ್ಟಡಕ್ಕೆ ಹೋಗುತ್ತದೆ. ಹಳೇ ವಿಳಾಸ ಹಿಡಿದು ಊರುಗೋಲಿನಲ್ಲಿ ನಡೆದು ಹೋದವರು ಬೀಗ ನೋಡಿ ವಾಪಸ್ ಬರುವುದಿದೆಯಲ್ಲ, ಅದಕ್ಕಿಂತ ಪುಸ್ತಕ ಇಲ್ಲದಿರುವುದೇ ವಾಸಿ.

ಮೆಟ್ಟಿಲಿನ ಲೆಕ್ಕ ಯಾಕೆ ಅಂತ ಕೆಲವರು ಕೇಳಿದರು. 2016ರ ಕಾಯ್ದೆಗೆ 2017ರಲ್ಲಿ ನಿಯಮ ಬಂತು. ಅದಾದ 5 ವರ್ಷದೊಳಗೆ ಹಳೇ ಸಾರ್ವಜನಿಕ ಕಟ್ಟಡಗಳಿಗೂ ಎಲ್ಲರೂ ಹೋಗಿಬರುವಂತೆ ಆಗಬೇಕಿತ್ತು. 2022ಕ್ಕೆ ಗಡುವು ಮುಗಿದಿದೆ. "ಈ ಕಚೇರಿಗೆ 22 ಮೆಟ್ಟಿಲು, ರ‍್ಯಾಂಪ್ ಇಲ್ಲ" ಅಂತ ಸರ್ಕಾರದ ಪುಸ್ತಕದಲ್ಲೇ ಅಚ್ಚಾದರೆ, ಆ ಕಚೇರಿ ಕೆಳಗಿಳಿದು ಬರಲು ಜಾಸ್ತಿ ದಿನ ಬೇಕಾಗುವುದಿಲ್ಲ ಅಂತ ನನ್ನ ನಂಬಿಕೆ.

ಆ ಹುಡುಗನಿಗೆ ಕೊನೆಗೆ ಕಾರ್ಡ್ ಬಂತು. ಅವನ ತಾಯಿ ಆ ಜೆರಾಕ್ಸನ್ನು ಇನ್ನೂ ಎಸೆದಿಲ್ಲ. ಪಕ್ಕದ ಊರಿನಿಂದ ಯಾರಾದರೂ ಮಗು ಎತ್ತಿಕೊಂಡು ಕೇಳಲು ಬಂದರೆ, ಅದನ್ನು ತೆಗೆದು ತೋರಿಸುತ್ತಾರೆ.

ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಗೊತ್ತಿಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ. ಅವರ ಹೆಸರು, ಫೋನ್ ನಂಬರು ಪಂಚಾಯಿತಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ ಅಂತ ಅಧ್ಯಕ್ಷರಿಗೆ ಹೇಳಿ. ನಮಸ್ಕಾರ.