ತಲೆ ಕಡಿಮೆಯಾಯಿತು, ದಾರಿ ಕಡಿಮೆಯಾಗಲಿಲ್ಲ

ನಮಸ್ಕಾರ. ಇವತ್ತು ನಮ್ಮ ಜಿಲ್ಲೆ ಬಗ್ಗೆ ಮಾತಾಡಬೇಕು. ಚಿಕ್ಕಮಗಳೂರು. ಹೆಸರು ಕೇಳಿದ ಕೂಡಲೇ ನಿಮಗೆ ಮುಳ್ಳಯ್ಯನಗಿರಿ, ಹೋಂಸ್ಟೇ, ಶನಿವಾರ ಭಾನುವಾರದ ಕಾರಿನ ಸಾಲು ನೆನಪಾಗಬಹುದು. ನಾನು ಮಾತಾಡೋದು ಸೋಮವಾರದ ಚಿಕ್ಕಮಗಳೂರಿನ ಬಗ್ಗೆ. ನೆಂಟರೆಲ್ಲ ಹೋದ ಮೇಲೆ ಉಳಿಯುವವರ ಬಗ್ಗೆ.

ಮೊದಲು ಒಂದು ಲೆಕ್ಕ. 2001ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11,40,905. ಹತ್ತು ವರ್ಷ ಬಿಟ್ಟು, 2011ರಲ್ಲಿ 11,37,961. ಅಂದರೆ 2,944 ಜನ ಕಡಿಮೆ. ಅದೇ ಹತ್ತು ವರ್ಷದಲ್ಲಿ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಏರಿತು. ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು. ಕಾಫಿ ಬೆಳೆಯುವ ಇನ್ನೊಂದು ಜಿಲ್ಲೆ ಕೊಡಗು ಶೇ 1ರಷ್ಟಾದರೂ ಮೇಲೆ ಹೋಯಿತು. ಇಡೀ ರಾಜ್ಯದಲ್ಲಿ ಇಳಿದಿದ್ದು ನಮ್ಮ ಜಿಲ್ಲೆ ಒಂದೇ.

2,944 ಏನು ಮಹಾ ಅನ್ನಬೇಡಿ. ಆ ಹತ್ತು ವರ್ಷ ಇಲ್ಲಿ ಮಕ್ಕಳೂ ಹುಟ್ಟಿದ್ದಾರೆ. ಹುಟ್ಟಿದವರನ್ನೆಲ್ಲ ಸೇರಿಸಿದ ಮೇಲೂ ಲೆಕ್ಕ ಕೆಳಗಿಳಿದಿದೆ ಅಂದರೆ, ಎಷ್ಟು ಜನ ಗಂಟುಮೂಟೆ ಕಟ್ಟಿರಬೇಕು? ಮನೆಗೆ ಒಂದೋ ಎರಡೋ ಮಕ್ಕಳು ಸಾಕು ಅಂತ ಜನ ತೀರ್ಮಾನ ಮಾಡಿದ್ದೂ ಒಂದು ಕಾರಣ. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಇರುವ ಒಂದು ಮಗುವೂ ಬೆಂಗಳೂರಿನ ಬಸ್ ಹತ್ತಿದರೆ ಮನೆಯಲ್ಲಿ ಉಳಿಯೋದು ಯಾರು?

ಇನ್ನೊಂದು ಮಾತು. ಜಿಲ್ಲೆ ಅಂದರೆ ಬರೀ ಗುಡ್ಡ ಅಲ್ಲ. ಕಡೂರಿನ ಕಡೆ ಹೋದರೆ ಪೂರ್ತಿ ಬಯಲುಸೀಮೆ. ಅಲ್ಲಿ ರಾಗಿ, ತೆಂಗು, ಮಳೆಗಾಗಿ ಆಕಾಶ ನೋಡೋ ಜನ. ಇಲ್ಲಿ ಶೃಂಗೇರಿ, ಕೊಪ್ಪದ ಕಡೆ ಮಳೆ ಯಾವಾಗ ನಿಲ್ಲುತ್ತೋ ಅಂತ ಕಾಯೋ ಜನ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಇಬ್ಬರ ಕಷ್ಟವೂ ಕಾಣಲ್ಲ. ನಾನು ಇವತ್ತು ಹೇಳ್ತಿರೋದು ಹೆಚ್ಚಾಗಿ ಮಲೆನಾಡಿನ ತಾಲ್ಲೂಕುಗಳದ್ದು.

ನಮ್ಮ ಮನೆ ಇರೋದು ಕೊಪ್ಪ ತಾಲ್ಲೂಕಿನಲ್ಲಿ. ನಾನು ಚಿಕ್ಕವನಿದ್ದಾಗ ಅಡಿಕೆ ಕೊಯ್ಲು ಅಂದರೆ ರಾತ್ರಿ ಹೊತ್ತಿನ ಗದ್ದಲ. ಚಪ್ಪರದ ಕೆಳಗೆ ಹತ್ತು ಹನ್ನೆರಡು ಮೆಟ್ಟುಗತ್ತಿ ಸಾಲಾಗಿ ಇರ್ತಿತ್ತು. ಅಕ್ಕಪಕ್ಕದ ಮನೆಯವರು ಬಂದು ಸುಲಿಯೋರು. ನಾಳೆ ನಾವು ಅವರ ಮನೆಗೆ ಹೋಗೋದು. ಇದಕ್ಕೆ ಮುಯ್ಯಾಳು ಅಂತೀವಿ. ಕೂಲಿ ಇಲ್ಲ, ಕೆಲಸಕ್ಕೆ ಕೆಲಸವೇ ಬದಲು. ಕಳೆದ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಆ ಕತ್ತಿಗಳನ್ನು ನೋಡಿದೆ. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಸುಲಿಯೋ ಮಷೀನ್ ಬಂದಿದೆ, ಸರಿ. ಆದರೆ ಮಷೀನ್ ಬರುವ ಮೊದಲೇ ಮುಯ್ಯಾಳು ನಿಂತಿತ್ತು. ಪಕ್ಕದ ಮನೆಗೆ ಬೀಗ. ಅದರಾಚೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ. ಮರ ಹತ್ತಿ ಅಡಿಕೆ ಗೊನೆ ಇಳಿಸೋ ಕೊನೆಗಾರ ಸಿಗಲ್ಲ. ಮಳೆಗಾಲದಲ್ಲಿ ಗೊನೆಗಳಿಗೆ ಬೋರ್ಡೋ ಔಷಧಿ ಹೊಡೆಯೋಕೆ ಜನ ಸಿಗೋದು ಒಂದು ವಾರ ತಡವಾದರೆ ಕೊಳೆ ರೋಗ ಕಾಯಲ್ಲ. ಮೇಲಿಂದ ಹಳದಿ ಎಲೆ ರೋಗ, ಈಗ ಎಲೆಚುಕ್ಕಿ.

ಹಾಗಂತ ಇದು ಬಡ ಜಿಲ್ಲೆ ಅಂತ ನಾನು ಹೇಳ್ತಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯೋದು ಕರ್ನಾಟಕ. ಅದರ ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನದ್ದು. ಕೆಲಸಕ್ಕೂ ಬರ ಇಲ್ಲ. ಕಾಫಿ ಹಣ್ಣು ಕೊಯ್ಯೋಕೆ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಜನ ಬರ್ತಿದ್ದಾರೆ. ಎಸ್ಟೇಟಿನ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಈಗ ಕೇಳೋ ಭಾಷೆಯೇ ಬೇರೆ. ಹಾಗಾದರೆ ನಮ್ಮ ಹುಡುಗರು ಯಾಕೆ ಹೋದರು? ಓದಿಸಿದೆವು ನೋಡಿ. 2011ರಲ್ಲೇ ಜಿಲ್ಲೆಯ ಸಾಕ್ಷರತೆ ಶೇ 79, ರಾಜ್ಯದ ಸರಾಸರಿಗಿಂತ ಜಾಸ್ತಿ. ಡಿಗ್ರಿ ಮಾಡಿದ ಹುಡುಗಿಗೆ ಇಲ್ಲಿ ತಕ್ಕ ಕೆಲಸ ಏನಿದೆ? ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ನಿಂತದ್ದು ಸರಿಯೇ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಕಾಡು ಅದು. ಆದರೆ ಒಂದು ಟೌನ್‌ಶಿಪ್ಪೇ ಖಾಲಿಯಾದಾಗ, ಅಷ್ಟು ಜನಕ್ಕೆ ಅನ್ನ ಕೊಡೋ ಬೇರೆ ದಾರಿ ಈ ಜಿಲ್ಲೆಯಲ್ಲಿ ಹುಟ್ಟಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಈಗ ನಾನು ನಿಜವಾಗಿ ಹೇಳಬೇಕು ಅಂತಿರೋ ವಿಷಯಕ್ಕೆ ಬರ್ತೀನಿ.

ಜಿಲ್ಲೆಯ ವಿಸ್ತೀರ್ಣ 7,201 ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರಿಗೆ 158 ಜನ. ರಾಜ್ಯದ ಸರಾಸರಿ 319. ಅಂದರೆ ಅರ್ಧ. ಬಸ್ಸಿನಲ್ಲಿ ಐವತ್ತು ಜನ ಇದ್ದರೂ ಐದು ಜನ ಇದ್ದರೂ ಘಾಟಿ ಹತ್ತೋಕೆ ಡೀಸೆಲ್ ಅಷ್ಟೇ ಬೇಕು ಅಲ್ವಾ? ಐದು ಮಕ್ಕಳಿಗೂ ಒಬ್ಬ ಟೀಚರ್ ಬೇಕು. ಮೂರು ಮನೆ ಇರೋ ಊರಿಗೂ ಅಷ್ಟೇ ಉದ್ದದ ಕರೆಂಟ್ ಲೈನ್ ಎಳೀಬೇಕು. ಜನ ಕಡಿಮೆ ಆದರು ಅಂತ ಊರುಗಳ ನಡುವಿನ ದೂರ ಕಡಿಮೆ ಆಗಿಲ್ಲ.

ಕೊಪ್ಪದ ಸಹಕಾರ ಸಾರಿಗೆ ನಿಮಗೆ ಗೊತ್ತಿರಬಹುದು. 1991ರಲ್ಲಿ ಬಸ್ಸಿನ ಕಾರ್ಮಿಕರೇ ಸೇರಿ ಕಟ್ಟಿದ ಸಂಘ. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಮಾಲೀಕರೇ. ನಾವು ಓದಿದ್ದೇ ಆ ಬಸ್ಸಿನಿಂದ. ರಿಯಾಯಿತಿ ಪಾಸ್ ಹಿಡ್ಕೊಂಡು ಹತ್ತುತ್ತಿದ್ದೆವು. ಔಷಧಿ ಚೀಟಿ, ಮದುವೆ ಕಾಗದ, ಹೊಲಿಗೆಗೆ ಕೊಟ್ಟ ರವಿಕೆ, ಎಲ್ಲ ಕಂಡಕ್ಟರ್ ಕೈಯಲ್ಲೇ ಹೋಗ್ತಿತ್ತು. ಸುಮಾರು 29 ವರ್ಷ ಓಡಿತು. 2020ರಲ್ಲಿ ನಿಂತಿತು. ಡೀಸೆಲ್, ವಿಮೆ, ತೆರಿಗೆ ಎಲ್ಲ ಏರಿತು, ಹತ್ತೋ ಜನ ಇಳಿದರು. ಬಸ್ ನಿಂತರೆ ಕಾಲೇಜಿಗೆ ಹೋಗೋ ಹುಡುಗಿಯನ್ನು ಪೇಟೆಯಲ್ಲಿ ಪಿಜಿಗೆ ಸೇರಿಸ್ತಾರೆ. ಹಾಗೆ ಹೋದವಳು ತಿರುಗಿ ಬರೋದು ಹಬ್ಬಕ್ಕೆ ಮಾತ್ರ. ಜನ ಕಡಿಮೆ ಅಂತ ಬಸ್ ನಿಲ್ಲುತ್ತೆ, ಬಸ್ ಇಲ್ಲ ಅಂತ ಜನ ಇನ್ನೂ ಕಡಿಮೆ ಆಗ್ತಾರೆ.

ಇದಕ್ಕೆ ಬೇರೆ ಅಳತೆ ಬೇಕು. ನಾನು ಹೊಸದೇನೂ ಕೇಳ್ತಿಲ್ಲ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯನ್ನೇ ನೋಡಿ. ಒಂದು ಗ್ರಾಮ ಪಂಚಾಯ್ತಿಗೆ 5,000ದಿಂದ 7,000 ಜನ ಇರಬೇಕು ಅಂದ ಅದೇ ಕಾಯ್ದೆ, ಮಲೆನಾಡಿನ ಜಿಲ್ಲೆಗಳಿಗೆ 2,500 ಇದ್ದರೂ ಸಾಕು ಅಂದಿತು. ಬರೆದವರಿಗೆ ಗುಡ್ಡ ಹತ್ತಿ ಇಳಿದು ಗೊತ್ತಿತ್ತು ಅನ್ಸುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೀಗೇ. ಬಯಲಿಗೆ 30,000 ಜನಕ್ಕೊಂದು, ಗುಡ್ಡಗಾಡಿಗೆ 20,000ಕ್ಕೊಂದು. ಆದರೂ ಶೃಂಗೇರಿ ತಾಲ್ಲೂಕಿನ ಜನಸಂಖ್ಯೆಯೇ 40,000 ಮುಟ್ಟಲ್ಲ. ಬರೀ ಈ ಲೆಕ್ಕ ಹಿಡಿದರೆ ಇಡೀ ತಾಲ್ಲೂಕಿಗೆ ಎರಡೂ ಬರಲ್ಲ. ಇಲ್ಲಿ ಕೇಳಬೇಕಾದ್ದು ಎಷ್ಟು ಜನ ಅಂತಲ್ಲ. ಮಳೆಗಾಲದ ರಾತ್ರಿ ಹಾವು ಕಚ್ಚಿದರೆ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಬಹುದು ಅಂತ.

ದೆಹಲಿಗೆ ಹೋದಾಗ ನಮ್ಮ ರಾಜ್ಯ ಏನು ಕೇಳುತ್ತೆ? ಜನಸಂಖ್ಯೆ ಹತೋಟಿಯಲ್ಲಿ ಇಟ್ಟ ತಪ್ಪಿಗೆ ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು ಕಡಿಮೆ ಮಾಡಬೇಡಿ ಅನ್ನುತ್ತೆ. ನೂರಕ್ಕೆ ನೂರು ನ್ಯಾಯವಾದ ಮಾತು. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಪಾಲು ಹಂಚುವಾಗ ಜನಸಂಖ್ಯೆಗೆ ಕೊಟ್ಟಷ್ಟೇ ತೂಕ, ಶೇ 15, ವಿಸ್ತೀರ್ಣಕ್ಕೂ ಕೊಟ್ಟಿತು. ಕಾಡು ಉಳಿಸಿದ್ದಕ್ಕೆ ಶೇ 10. ಚಿಕ್ಕಮಗಳೂರು ಅದೇ ಮಾತನ್ನು ಬೆಂಗಳೂರಿಗೆ ಹೇಳ್ತಿದೆ ಅಂತ ತಿಳ್ಕೊಳ್ಳಿ. ನಮಗೂ ದೂರ ಲೆಕ್ಕಕ್ಕೆ ಬರಲಿ, ಕಾಡು ಲೆಕ್ಕಕ್ಕೆ ಬರಲಿ. ಬಸ್ ರೂಟು, ಶಾಲೆ, ಆಂಬುಲೆನ್ಸ್ ಇವನ್ನು ತಲೆ ಎಣಿಸಿ ಹಂಚಬೇಡಿ.

2027ಕ್ಕೆ ಮತ್ತೆ ಜನಗಣತಿ. ಹದಿನಾರು ವರ್ಷ ಆದ ಮೇಲೆ ಎಣಿಸ್ತಿದ್ದಾರೆ. ಎಣಿಕೆಗೆ ಬರೋರಲ್ಲಿ ನನ್ನದೊಂದು ಕೋರಿಕೆ. ಟಾರ್ ರಸ್ತೆ ಮುಗಿದಲ್ಲಿಗೆ ನಿಲ್ಲಿಸಬೇಡಿ. ತೋಟದೊಳಗಿನ ಲೈನ್ ಮನೆಗಳಿಗೂ ಹೋಗಿ. ಜಾರ್ಖಂಡಿನಿಂದ ಬಂದು ವರ್ಷಾನುಗಟ್ಟಲೆ ಇಲ್ಲೇ ದುಡಿಯೋ ಅಮ್ಮನ ಹೆಸರೂ ಇಲ್ಲೇ ಬರಲಿ. ಅವಳ ಮಗು ನಮ್ಮ ಶಾಲೆಗೆ ಸೇರಿದರೆ ಆ ಶಾಲೆಯೂ ಉಳಿಯುತ್ತೆ.

ನೋಡ್ತಿರೋ ನಿಮ್ಮಲ್ಲೂ ಒಂದು ಕೇಳ್ತೀನಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂಡಿಗೆರೆ, ಕಳಸ, ಎಲ್ಲಿಯವರೇ ಆಗಿರಿ. ನಿಮ್ಮೂರಿಗೆ ಮೊದಲು ಎಷ್ಟು ಬಸ್ ಬರ್ತಿತ್ತು, ಈಗ ಎಷ್ಟು, ಕೊನೇ ಬಸ್ ಎಷ್ಟು ಗಂಟೆಗೆ. ಊರಿನ ಹೆಸರು ಸಮೇತ ಬರೆದು ಕಳಿಸಿ. ಒಂದು ಪಟ್ಟಿ ಮಾಡೋಣ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಓದ್ತೀನಿ.