ಭೀಮೆಯ ದಂಡೆಯಲ್ಲಿ ಸಂಜೆಯ ನಡಿಗೆ

ಕೇಳುಗರಿಗೆ ನಮಸ್ಕಾರ. ಯಾದಗಿರಿಯ ಪೇಟೆ ಗದ್ದಲ ಸಾಕಾಗಿ ಭೀಮಾ ನದಿಯ ಕಡೆಗೆ ಹೊರಡುವವರಲ್ಲಿ ಎಷ್ಟೋ ಜನ ಇನ್ನಷ್ಟು ದಣಿದು ಮನೆಗೆ ಬರುತ್ತಾರೆ. ಬಹುಪಾಲು ಕಾರಣ ಹೋದ ಹೊತ್ತು ಮತ್ತು ನಡೆದ ವೇಗ.

ಬೇಸಿಗೆಯಲ್ಲಿ ಐದು ಗಂಟೆಗೆ ಹೋದರೆ ಹಗಲೆಲ್ಲ ಕಾದ ಬಂಡೆ, ಕಾಂಕ್ರೀಟು ಮುಖಕ್ಕೇ ಝಳ ಹೊಡೆಯುತ್ತವೆ. ಇಲ್ಲಿ ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು 6.45ರ ಆಸುಪಾಸು, ಡಿಸೆಂಬರ್ ಮೊದಲ ವಾರದಲ್ಲಿ 5.45ರ ಸುಮಾರಿಗೆ. ಅದಕ್ಕಿಂತ 20 ನಿಮಿಷ ಮೊದಲು ನಡೆಯಲು ಶುರುಮಾಡಿ. ಮೊದಲು ನೀರು ಹರಿಯುವ ದಿಕ್ಕಿಗೇ, ಅಂದರೆ ಆಗ್ನೇಯದ ಕಡೆಗೆ ಹೋಗಿ. ಬಿಸಿಲು ಬೆನ್ನಿಗಿರುತ್ತದೆ. ತಿರುಗಿ ಬರುವಾಗ ಸೂರ್ಯ ಇಳಿದಿರುತ್ತಾನೆ, ಕಣ್ಣು ಕಿರಿದುಮಾಡಿ ನಡೆಯುವ ಕಷ್ಟವಿಲ್ಲ.

ಮೊದಲ ಹತ್ತು ನಿಮಿಷ ನಿಮ್ಮ ರೂಢಿಯ ವೇಗದಲ್ಲೇ ನಡೆಯಿರಿ. ಅಂಗಡಿ, ಆಫೀಸಿನ ಅವಸರ ಕಾಲಿನಲ್ಲಿ ಇನ್ನೂ ಉಳಿದಿರುತ್ತದೆ, ಅದನ್ನು ಒಮ್ಮೆಲೇ ತಡೆದರೆ ಮನಸ್ಸು ಚಡಪಡಿಸುತ್ತದೆ. ಆಮೇಲೆ ನಿಧಾನಿಸಿ, ಮೂರು ಹೆಜ್ಜೆಗೆ ಉಸಿರು ಒಳಗೆ, ಐದು ಹೆಜ್ಜೆಗೆ ಹೊರಗೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಹೊರಗಿನ ಲೆಕ್ಕ ಉದ್ದ. ತಲೆ ತಿರುಗಿದರೆ ಒತ್ತಾಯದ ಉಸಿರಾಗುತ್ತಿದೆ ಎಂದರ್ಥ, ಲೆಕ್ಕ ಬಿಟ್ಟುಬಿಡಿ. ಹೊಟ್ಟೆ ತುಂಬಿದ್ದರೂ ಇದು ಸರಿ ಬರುವುದಿಲ್ಲ. ಸೂಸಲಾ-ಮಿರ್ಚಿ ಏನಿದ್ದರೂ ನಡೆದ ಮೇಲೆಯೇ!

ತಿರುಗುವ ಜಾಗದಲ್ಲಿ ಐದು ನಿಮಿಷ ನಿಂತು ಆಚೆ ದಂಡೆಯ ಮರ, ಹೊಲ ನೋಡಿ. ದೂರ ನೋಡಿದಾಗ ಮೊಬೈಲಿಗೆ ಅಂಟಿ ಬಿಗಿದ ಕಣ್ಣಿನ ಸ್ನಾಯು ಸಡಿಲಾಗುತ್ತದೆ. ಫೋಟೊಕ್ಕೆಂದು ಮೊಬೈಲ್ ತೆಗೆದರೆ ಮೆಸೇಜೂ ಕಣ್ಣಿಗೆ ಬೀಳುತ್ತದೆ, ಅಲ್ಲಿಗೆ ಪೇಟೆ ಮತ್ತೆ ಬಂದಂತೆಯೇ.

ಒಂದು ಮಾತು ಮಾತ್ರ ಕಟ್ಟುನಿಟ್ಟು: ನದಿಪಾತ್ರಕ್ಕೆ ಇಳಿಯಬೇಡಿ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಕಪ್ಪು ಮಣ್ಣು ಮೇಲೆ ಒಣಗಿದಂತಿದ್ದರೂ ಕೆಳಗೆ ಜಾರುತ್ತದೆ. ಮಳೆಗಾಲದಲ್ಲಂತೂ ಯಾದಗಿರಿಯ ಆಕಾಶ ನೋಡಿ ನದಿಯನ್ನು ಅಂದಾಜು ಮಾಡಲಾಗದು. ಮಹಾರಾಷ್ಟ್ರದಲ್ಲಿ ಮಳೆ ಸುರಿದು ಅಲ್ಲಿನ ಉಜನಿ ಅಣೆಕಟ್ಟಿನಿಂದ, ನಮ್ಮ ಮೇಲ್ಭಾಗದ ಸನ್ನತಿ ಬ್ಯಾರೇಜಿನಿಂದ ನೀರು ಬಿಟ್ಟರೆ ಇಲ್ಲಿ ಹನಿ ಬೀಳದಿದ್ದರೂ ಹೊಳೆ ಏರುತ್ತದೆ, ದಂಡೆಯ ಕಂಗಳೇಶ್ವರ ಗುಡಿ ಜಲಾವೃತವಾಗುತ್ತದೆ. ಅಂಥ ದಿನ ನದಿಯ ಆಸೆ ಬಿಟ್ಟು ಕೋಟೆ ಬೆಟ್ಟದ ಕೆಳಗಿನ ರಸ್ತೆ ಹಿಡಿಯಿರಿ.

ಕತ್ತಲಾಗುತ್ತಲೇ ನಿಂತ ನೀರಿನ ಬಳಿ ಸೊಳ್ಳೆ ಏಳುತ್ತವೆ. ಆದ್ದರಿಂದ ತುಂಬುತೋಳಿನ ಅಂಗಿ, ಹಿಡಿತವಿರುವ ಬೂಟು, ಚಿಕ್ಕ ಟಾರ್ಚು ಜೊತೆಗಿರಲಿ. ನಮಸ್ಕಾರ.