ಬಿದ್ದು ಎದ್ದ ಮೇಲಿನ ಅರ್ಧ ನಿಮಿಷ

ಕೇಳುಗರಿಗೆಲ್ಲ ನಮಸ್ಕಾರ.

ಹೆವಿವೇಯ್ಟ್ ಬಾಕ್ಸಿಂಗ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಯಾರ ಗುದ್ದು ಜೋರು? ಮೈಕ್ ಟೈಸನ್‌ದೋ, ಜಾರ್ಜ್ ಫೋರ್‌ಮನ್‌ದೋ? ದಯವಿಟ್ಟು ಇವತ್ತೊಂದು ದಿನ ಆ ಪ್ರಶ್ನೆ ಪಕ್ಕಕ್ಕಿಡಿ. ಗುದ್ದುವುದಕ್ಕೆ ತೋಳು ಸಾಕು. ಸೋಲನ್ನೇ ಕಾಣದವನು ದೊಡ್ಡ ಧೀರ ಅನ್ನುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ದಾಖಲೆಯ ಪುಸ್ತಕ ಮುಚ್ಚಿ, ಪಂದ್ಯ ನೋಡಿ. ಅದರಲ್ಲೂ ಒಂದೇ ಒಂದು ತುಣುಕು ನೋಡಿ. ಬಾಕ್ಸರ್ ನೆಲಕ್ಕೆ ಬಿದ್ದು, ಎದ್ದು ನಿಂತ ಮೇಲಿನ ಅರ್ಧ ನಿಮಿಷ. ಧೈರ್ಯ, ಛಲ ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಮೊದಲು, ಬಿದ್ದಾಗ ಆಗುವುದೇನು ಅಂತ ತಿಳಿಯೋಣ. ಗಲ್ಲದ ತುದಿಗೆ ಏಟು ಬಿದ್ದರೆ ತಲೆ ಗಕ್ಕನೆ ತಿರುಗುತ್ತದೆ. ಬುರುಡೆಯೊಳಗೆ ಮೆದುಳು ಅಲುಗಾಡಿಹೋಗುತ್ತದೆ. ಕೆಲವು ಕ್ಷಣ ಕಾಲು ಮಾತು ಕೇಳುವುದಿಲ್ಲ. ರೆಫರಿ ಎಣಿಸಲು ಶುರು ಮಾಡುತ್ತಾರೆ. ಹತ್ತರೊಳಗೆ ಎದ್ದರೆ ಆಟ ಉಂಟು, ಇಲ್ಲದಿದ್ದರೆ ಇಲ್ಲ. ಮೂರಕ್ಕೇ ಎದ್ದು ನಿಂತರೂ ಈಗಿನ ನಿಯಮದ ಪ್ರಕಾರ ಎಂಟರ ತನಕ ಎಣಿಸಿಯೇ ಎಣಿಸುತ್ತಾರೆ. ಹೊಡೆದವನು ದೂರದ ಖಾಲಿ ಮೂಲೆಗೆ ಹೋಗಿ ನಿಲ್ಲಬೇಕು. ಬಿದ್ದವನಿಗೆ ಆ ಸುತ್ತಿನಲ್ಲಿ ಸಾಮಾನ್ಯವಾಗಿ ಎಂಟೇ ಅಂಕ, ಹೊಡೆದವನಿಗೆ ಹತ್ತು.

ಇಲ್ಲಿ ಹೊಸಬರು ಮಾಡುವ ತಪ್ಪು ಯಾವುದು ಗೊತ್ತೇ? ಮಾನ ಹೋಯಿತೆಂದು ತಟಕ್ಕನೆ ಎದ್ದುಬಿಡುತ್ತಾರೆ. ಆಗ ತಾನೇ ಹುಟ್ಟಿದ ಕರುವಿನ ಹಾಗೆ ಕಾಲು ನಾಲ್ಕು ದಿಕ್ಕಿಗೆ ಹೋಗುತ್ತದೆ. ಅದನ್ನು ಕಂಡ ರೆಫರಿ ಪಂದ್ಯವನ್ನೇ ನಿಲ್ಲಿಸುತ್ತಾರೆ. ಅನುಭವಿ ಆದವನು ಒಂದು ಮೊಣಕಾಲೂರಿ, ತನ್ನ ತರಬೇತುದಾರ ಇರುವ ಮೂಲೆಯ (ಕಾರ್ನರ್) ಕಡೆ ನೋಡುತ್ತ, ಎಂಟು ಎನ್ನುವವರೆಗೆ ಉಸಿರು ತಗೊಳ್ಳುತ್ತಾನೆ. ಎದ್ದ ಮೇಲೆ ಎದುರಾಳಿಯನ್ನು ತಬ್ಬುತ್ತಾನೆ. ಅದಕ್ಕೆ ಕ್ಲಿಂಚ್ ಅನ್ನುತ್ತಾರೆ. ಅದಕ್ಕೊಂದು ಕ್ರಮವಿದೆ. ಎದುರಾಳಿಯ ಎರಡೂ ತೋಳು ನಿಮ್ಮ ಕಂಕುಳಲ್ಲಿ ಸಿಕ್ಕಿರಬೇಕು. ತಲೆ ಅವನ ಭುಜಕ್ಕೆ ಅಂಟಿರಬೇಕು. ಮೈಭಾರವೆಲ್ಲ ಅವನ ಮೇಲೆ ಹಾಕಬೇಕು. ಒಂದೇ ತೋಳು ಸಿಕ್ಕರೆ ಇನ್ನೊಂದು ಕೈ ಪಕ್ಕೆಲುಬು ಹುಡುಕಿಕೊಂಡು ಬರುತ್ತದೆ. ಕುತ್ತಿಗೆಗೆ ಜೋತುಬಿದ್ದರೆ ಹೊಟ್ಟೆ ಬಯಲಾಗುತ್ತದೆ. ರೆಫರಿ ಬಿಡಿ ಅಂದ ಮೇಲೂ ಬಿಡದಿದ್ದರೆ ಅಂಕ ಹೋಗಬಹುದು. ತಬ್ಬುವುದು ಹೇಡಿತನ ಅಂತ ಕೂಗುವ ಪ್ರೇಕ್ಷಕರಿಗೆ ಇದ್ಯಾವುದೂ ಗೊತ್ತಿಲ್ಲ.

ಈಗ ನನಗೆ ತುಂಬ ಇಷ್ಟವಾದ ಪಂದ್ಯಕ್ಕೆ ಬರುತ್ತೇನೆ. 2018ರ ಡಿಸೆಂಬರ್ 1, ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್. ಒಂದು ಕಡೆ ಅಮೆರಿಕದ ಡಿಯಾಂಟೆ ವೈಲ್ಡರ್. ಆವರೆಗೆ 40 ಪಂದ್ಯ ಗೆದ್ದಿದ್ದ, ಅದರಲ್ಲಿ 39 ನಾಕೌಟ್. ಅವನ ಬಲಗೈ ಒಂದು ಸಲ ಸರಿಯಾಗಿ ಬಿದ್ದರೆ ಪಂದ್ಯ ಮುಗಿದಂತೆ. ಇನ್ನೊಂದು ಕಡೆ ಇಂಗ್ಲೆಂಡಿನ ಟೈಸನ್ ಫ್ಯೂರಿ. ಎತ್ತರ ಆರಡಿ ಒಂಬತ್ತು ಅಂಗುಲ. 2015ರಲ್ಲಿ ವ್ಲಾದಿಮಿರ್ ಕ್ಲಿಚ್ಕೊನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದವನು, ಆಮೇಲೆ ಖಿನ್ನತೆ, ಕುಡಿತ, ಮಾದಕ ವಸ್ತು ಅಂತ ಎರಡೂವರೆ ವರ್ಷ ರಿಂಗಿನಿಂದ ದೂರವಾಗಿದ್ದ. ತೂಕ 180 ಕಿಲೋ ಹತ್ತಿರ ಹೋಗಿತ್ತು. ಅದನ್ನು ಇಳಿಸಿ ವಾಪಸು ಬಂದು ಆರು ತಿಂಗಳೂ ಆಗಿರಲಿಲ್ಲ. ಆಗ ಈ ಪಂದ್ಯ ಒಪ್ಪಿಕೊಂಡ.

ಎಂಟು ಸುತ್ತು ಫ್ಯೂರಿ ಚೆನ್ನಾಗಿಯೇ ಆಡಿದ. ತಲೆ ಅಲ್ಲಾಡಿಸುತ್ತ, ಹಿಂದೆ ಜಾರುತ್ತ, ಉದ್ದದ ಎಡಗೈಯಿಂದ ಜ್ಯಾಬ್, ಅಂದರೆ ನೇರವಾದ ಚುಟುಕು ಗುದ್ದು, ಹಾಕುತ್ತ ವೈಲ್ಡರ್‌ನನ್ನು ಗಾಳಿಗೆ ಗುದ್ದುವಂತೆ ಮಾಡಿದ. ಒಂಬತ್ತನೇ ಸುತ್ತಿನಲ್ಲಿ ಒಮ್ಮೆ ಬಿದ್ದ, ಎದ್ದ. ಕೊನೆಯದು ಹನ್ನೆರಡನೇ ಸುತ್ತು. ಶುರುವಾಗಿ ಒಂದು ನಿಮಿಷವೂ ಕಳೆದಿರಲಿಲ್ಲ. ವೈಲ್ಡರ್‌ನ ಬಲಗೈ ನೇರವಾಗಿ ಬಂತು. ಫ್ಯೂರಿ ಕುಸಿಯುತ್ತಿದ್ದಂತೆ ಅದರ ಬೆನ್ನಿಗೇ ಎಡಗೈ ಹುಕ್, ಅಂದರೆ ಪಕ್ಕದಿಂದ ಬೀಸುವ ಗುದ್ದು. ಆಳು ಅಂಗಾತ ಬಿದ್ದ. ಕೈ ಎರಡೂ ಕಡೆ ಚಾಚಿಕೊಂಡಿತ್ತು. ಮಿಸುಕಾಟವಿಲ್ಲ. ವೈಲ್ಡರ್ ಗೆದ್ದೆನೆಂದು ಕುಣಿಯತೊಡಗಿದ. ಅಲ್ಲಿದ್ದವರಲ್ಲಿ ಬಹುಪಾಲು ಜನ ಮುಗಿಯಿತು ಅಂದುಕೊಂಡರು.

ರೆಫರಿ ಜ್ಯಾಕ್ ರೀಸ್ ಅಂದುಕೊಳ್ಳಲಿಲ್ಲ. ಬೇರೆ ರೆಫರಿ ಆಗಿದ್ದರೆ ಕೈ ಬೀಸಿ ನಿಲ್ಲಿಸಿಬಿಡುತ್ತಿದ್ದರೋ ಏನೋ. ರೀಸ್ ಬಗ್ಗಿ, ಫ್ಯೂರಿಯ ಮುಖದ ಹತ್ತಿರ ಹೋಗಿ, ಒಂದೊಂದೇ ಎಣಿಸಿದರು. ಎಣಿಕೆ ಅರ್ಧ ದಾಟುವ ಹೊತ್ತಿಗೆ ಫ್ಯೂರಿ ಕಣ್ಣು ಬಿಟ್ಟ. ಹೊರಳಿ, ಕೈ ಊರಿ, ಒಂಬತ್ತಕ್ಕೆ ಎದ್ದು ನಿಂತ. ಅಷ್ಟಕ್ಕೇ ಬಿಡುವಂತಿಲ್ಲ. ಸರಿಯಿದ್ದೀಯಾ ಅಂತ ಕೇಳಿ, ಪಕ್ಕಕ್ಕೆ ಹೋಗಿ ವಾಪಸು ಬರಲು ಹೇಳಿದರು. ಬಾಯಿಮಾತಿನಲ್ಲಿ ಎಲ್ಲರೂ ಸರಿಯಿದ್ದೇನೆ ಅಂದೇ ಅನ್ನುತ್ತಾರೆ, ಕಾಲು ಮಾತ್ರ ಸುಳ್ಳು ಹೇಳುವುದಿಲ್ಲ. ಫ್ಯೂರಿ ಹೋಗಿ ಬಂದ. ಕಾಲು ನಡುಗಲಿಲ್ಲ. ಆಟ ಮುಂದುವರಿಯಿತು.

ಎದ್ದದ್ದೇ ದೊಡ್ಡದು ಅಂತ ಟೀವಿಯವರು ಅಷ್ಟನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ನಾನು ಕೇಳಿಕೊಳ್ಳುವುದು, ಅದರ ಮುಂದಿನ ಅರ್ಧ ನಿಮಿಷ ನೋಡಿ ಅಂತ. ವೈಲ್ಡರ್ ಓಡಿ ಬಂದು ಬೀಸಿದ. ಫ್ಯೂರಿ ತಬ್ಬಿದ. ನಾನು ಆಗಲೇ ಹೇಳಿದ ಹಾಗೆ ಮೈಭಾರವೆಲ್ಲ ಅವನ ಮೇಲೆ. ಒಂದು ಕ್ವಿಂಟಲ್‌ಗೂ ಹೆಚ್ಚು ತೂಕದ ಆಳು ಮೈಮೇಲೆ ಒರಗಿದರೆ ಯಾವ ತೋಳಿಗೂ ಬೀಸಲು ಜಾಗವಿರುವುದಿಲ್ಲ. ಬಿಡಿಸಿದ ಮೇಲೆ ಜಾರಿದ, ಮತ್ತೆ ತಬ್ಬಿದ. ಸುತ್ತು ಮುಗಿಯುವುದರೊಳಗೆ ತಾನೇ ಬಲಗೈ ಬೀಸಿ ವೈಲ್ಡರ್‌ನನ್ನು ಹಿಂದಕ್ಕೆ ತಳ್ಳಿದ. ಪಂದ್ಯ ಡ್ರಾ. ಆ ತೀರ್ಪಿನ ಬಗ್ಗೆ ನನಗೆ ಸಿಟ್ಟಿದೆ, ಇರಲಿ. ಎರಡನೇ ಪಂದ್ಯದಲ್ಲಿ, 2020ರ ಫೆಬ್ರವರಿಯಲ್ಲಿ, ಫ್ಯೂರಿ ಏಳನೇ ಸುತ್ತಿಗೇ ಗೆದ್ದ. 2021ರ ಮೂರನೇ ಪಂದ್ಯದಲ್ಲಿ ನಾಲ್ಕನೇ ಸುತ್ತಿನಲ್ಲಿ ಎರಡು ಸಲ ಬಿದ್ದು, ಹನ್ನೊಂದರಲ್ಲಿ ವೈಲ್ಡರ್‌ನನ್ನು ನಾಕೌಟ್ ಮಾಡಿದ.

ಈ ಕಥೆಗೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಯಿತು. ಉಳಿದವರನ್ನು ಬೇಗ ಹೇಳುತ್ತೇನೆ.

ಬರೀ ಎದ್ದರೆ ಸಾಲದು ಅನ್ನುವುದಕ್ಕೆ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ನೋಡಿ. 1959ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂನಲ್ಲಿ ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಅವನನ್ನು ಮೂರನೇ ಸುತ್ತೊಂದರಲ್ಲೇ ಏಳು ಸಲ ಕೆಡವಿದ. ಬಿದ್ದಂತೆಲ್ಲ ಮತ್ತೆ ಮತ್ತೆ ಎದ್ದ. ಮೊದಲ ಸಲ ಎದ್ದವನು ಮಂಪರಿನಲ್ಲಿ ಎದುರಾಳಿಗೆ ಮುಖವನ್ನೂ ಕೊಡದೆ ಎತ್ತಲೋ ನಡೆದುಕೊಂಡು ಹೋಗುತ್ತಿದ್ದ. ತಬ್ಬಲಿಲ್ಲ, ಜಾರಲಿಲ್ಲ. ಎದ್ದದ್ದು ಛಲ, ನಿಜ. ಎದ್ದ ಮೇಲಿನ ಅರ್ಧ ನಿಮಿಷ ಮಾತ್ರ ಖಾಲಿ. ಆದರೆ ಇದೇ ಪ್ಯಾಟರ್ಸನ್ ಮರುವರ್ಷ ಅದೇ ಯೊಹಾನ್ಸನ್‌ನನ್ನು ಐದನೇ ಸುತ್ತಿನಲ್ಲಿ ಎಡಗೈ ಹುಕ್‌ನಿಂದ ಮಲಗಿಸಿ, ಕಳೆದುಕೊಂಡ ಹೆವಿವೇಯ್ಟ್ ಪಟ್ಟ ಮರಳಿ ಗೆದ್ದ ಮೊದಲಿಗನಾದ.

ಜೋ ಫ್ರೇಜಿಯರ್‌ನದೂ ಅದೇ ಕಥೆ. 1973ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಫೋರ್‌ಮನ್ ಎದುರು ಎರಡು ಸುತ್ತಿನಲ್ಲಿ ಆರು ಸಲ ಬಿದ್ದ. ಪ್ರತಿ ಸಲ ಎದ್ದವನೇ ಮತ್ತೆ ಮುಂದಕ್ಕೇ ನಡೆದ. ತಬ್ಬುವುದು ಅವನ ಜಾಯಮಾನವೇ ಅಲ್ಲ. ಎದೆಗಾರಿಕೆಗೆ ನೂರಕ್ಕೆ ನೂರು, ಬುದ್ಧಿಗೆ ಅಷ್ಟು ಕೊಡಲಾರೆ. ಇದೇ ಫ್ರೇಜಿಯರ್ 1975ರಲ್ಲಿ ಮನಿಲಾದ ಸೆಕೆಯಲ್ಲಿ ಅಲಿ ಜತೆ ಹದಿನಾಲ್ಕು ಸುತ್ತು ಕಾದಾಡಿದ. ಅವನ ಕಣ್ಣು ಮುಚ್ಚಿಹೋಗಿತ್ತು, ಅವನಿನ್ನೂ ಆಡುತ್ತೇನೆ ಅನ್ನುತ್ತಿದ್ದ. ತರಬೇತುದಾರ ಎಡ್ಡಿ ಫಚ್ ಹದಿನೈದನೆಯ ಸುತ್ತಿಗೆ ಬಿಡಲಿಲ್ಲ. ಅದೂ ಧೈರ್ಯವೇ, ಆದರೆ ಅದಕ್ಕೆ ಇನ್ನೊಂದು ಭಾಷಣವೇ ಬೇಕು.

ರಾಕಿ ಮಾರ್ಸಿಯಾನೊ. 49 ಪಂದ್ಯ, 49 ಗೆಲುವು. ತೂಕ 83 ಕಿಲೋ ಆಸುಪಾಸು, ಈಗಿನ 90.7 ಕಿಲೋ ಗೆರೆಯ ಪ್ರಕಾರ ಹೆವಿವೇಯ್ಟೇ ಅಲ್ಲ! 1952ರಲ್ಲಿ ಫಿಲಡೆಲ್ಫಿಯಾದಲ್ಲಿ ಜರ್ಸಿ ಜೋ ವಾಲ್‌ಕಾಟ್ ಮೊದಲ ಸುತ್ತಿನಲ್ಲೇ ಅವನನ್ನು ಕೆಡವಿದ. ಮಾರ್ಸಿಯಾನೊ ಬಿದ್ದದ್ದು ಅದೇ ಮೊದಲು. ಎಣಿಕೆ ಅರ್ಧಕ್ಕೆ ಬರುವ ಮುಂಚೆಯೇ ಎದ್ದ. ಮಾಡಬಾರದು ಅಂತ ನಾನು ಹೇಳಿದ್ದನ್ನೇ ಮಾಡಿದ, ಅವನ ಕಾಲಿಗೆ ನಡೆಯಿತು. ಹನ್ನೆರಡು ಸುತ್ತು ಮುಗಿದಾಗ ಮೂವರೂ ತೀರ್ಪುಗಾರರ ಚೀಟಿಯಲ್ಲಿ ಹಿಂದಿದ್ದ. ಹದಿಮೂರರಲ್ಲಿ ಒಂದು ಬಲಗೈ. ವಾಲ್‌ಕಾಟ್ ಹಗ್ಗಕ್ಕೆ ಕೈ ತಗುಲಿಹಾಕಿಕೊಂಡೇ ಕುಸಿದ.

ಮುಹಮ್ಮದ್ ಅಲಿ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಒಂದೇ ಮಾತು ಹೇಳುತ್ತೇನೆ. 1973ರಲ್ಲಿ ಸ್ಯಾನ್ ಡಿಯೆಗೊದಲ್ಲಿ ಕೆನ್ ನಾರ್ಟನ್ ಎದುರು ದವಡೆ ಮುರಿದರೂ ಹನ್ನೆರಡೂ ಸುತ್ತು ಆಡಿ ಸೋತ. ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ನಾರ್ಟನ್ ಎದುರು ನಿಂತು ಗೆದ್ದ.

ಎಲ್ಲರನ್ನೂ ಹೋಲಿಸಿ ಒಬ್ಬನನ್ನು ಆರಿಸಿ ಅಂದರೆ ನಾನು ಆರಿಸುವುದು ಲ್ಯಾರಿ ಹೋಮ್ಸ್‌ನನ್ನು. ಫ್ಯೂರಿಗಿಂತ ಒಂದು ತೂಕ ಹೆಚ್ಚು. ಫ್ಯೂರಿ ಎದ್ದ ಮೇಲೆ ಎರಡೇ ಚಿಲ್ಲರೆ ನಿಮಿಷ ಉಳಿದಿತ್ತು. ಹೋಮ್ಸ್‌ಗೆ ಅರ್ಧ ಪಂದ್ಯವೇ ಬಾಕಿ. 1979ರ ಸೆಪ್ಟೆಂಬರ್ 28, ಲಾಸ್ ವೇಗಸ್, ಆಗಿನದು ಹದಿನೈದು ಸುತ್ತಿನ ಆಟ. ಏಳನೇ ಸುತ್ತಿನಲ್ಲಿ ಅರ್ನಿ ಶೇವರ್ಸ್‌ನ ಬಲಗೈ ಮೇಲಿಂದ ಬಂದು ಬಡಿಯಿತು. ತನ್ನ ಜೀವನದಲ್ಲಿ ತಿಂದ ಅತಿ ಜೋರು ಗುದ್ದು ಶೇವರ್ಸ್‌ನದೇ ಅಂತ ಹೋಮ್ಸ್ ಆಮೇಲೆ ಹೇಳಿಕೊಂಡಿದ್ದಾನೆ. ಅಂಗಾತ ಬಿದ್ದ, ಎದ್ದ, ತತ್ತರಿಸುತ್ತ, ತಬ್ಬುತ್ತ ಗಂಟೆ ಬಾರಿಸುವ ತನಕ ಉಳಿದ. ಸ್ಟೂಲಿನ ಮೇಲೆ ಒಂದು ನಿಮಿಷ ಕೂತು ಎದ್ದು, ಮತ್ತೆ ತನ್ನ ಹಳೆಯ ಜ್ಯಾಬ್‌ಗೆ ಮರಳಿದ. ಹನ್ನೊಂದನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿ ಹೋಮ್ಸ್‌ನ ಕೈ ಎತ್ತಿದರು.

ಈ ಪಂದ್ಯವನ್ನು ಮೊಬೈಲಿನಲ್ಲಿ ಹುಡುಕಿ ನೋಡುವವರು ಏಳನೇ ಸುತ್ತಿನಿಂದ ಶುರು ಮಾಡಿ, ಎಂಟು ಮತ್ತು ಒಂಬತ್ತನ್ನು ಬಿಡದೆ ನೋಡಿ. ಮೊದಲ ಸಲ ನೋಡುವಾಗ ಕಣ್ಣು ಶೇವರ್ಸ್‌ನ ಕೈ ಮೇಲೇ ಇರುತ್ತದೆ, ಪರವಾಗಿಲ್ಲ. ಎರಡನೇ ಸಲ ಹೋಮ್ಸ್‌ನ ಕಾಲು ಮಾತ್ರ ನೋಡಿ. ರೇಡಿಯೋದಲ್ಲಿ ಕೂತು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ: ಧ್ವನಿ ಪೂರ್ತಿ ಇಳಿಸಿ ನೋಡಿ. ವೀಕ್ಷಕ ವಿವರಣೆಯವರು ಹೋಮ್ಸ್ ಬಿದ್ದಾಗ ಕೂಗಿಕೊಳ್ಳುವುದರಲ್ಲಿ, ಅವನು ಮೊದಲ ಸಲ ಹೇಗೆ ತಬ್ಬಿದ ಅನ್ನುವುದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ನಮಸ್ಕಾರ.